ಗಡ್ಡಕ್ಕೂ ಬೇಕೆ ಎಣ್ಣೆ?

ಕೆಲವು ತಿಂಗಳ ಹಿಂದೆ ತಾಯಿಯೊಬ್ಬರು 22 ವರ್ಷದ ಮಗನನ್ನು ನನ್ನ ಬಳಿ ಕರೆತಂದರು. ಹುಡುಗ ಪೊಲೀಸ್ ತರಬೇತಿಗೆ ಸೇರಿ ಮೂರು ತಿಂಗಳಾಗಿತ್ತು. ಗದ್ದದ ಕೆಳಗೆ, ಕುತ್ತಿಗೆಯ ಎರಡೂ ಬದಿಗೆ ಕೆಂಪು ಗುಳ್ಳೆಗಳು. ಕೆಲವದರಲ್ಲಿ ಕೀವು ತುಂಬಿತ್ತು, ಕೆಲವು ಒಣಗಿ ಕಪ್ಪು ಕಲೆಯಾಗಿದ್ದವು. ಕವಾಯತಿಗೆ ನಿಲ್ಲಬೇಕಾದರೆ ದಿನವೂ ನುಣ್ಣಗೆ ಗಡ್ಡ ತೆಗೆದಿರಬೇಕು. ತೆಗೆದರೆ ಗುಳ್ಳೆ, ತೆಗೆಯದಿದ್ದರೆ ಬೈಗುಳ. ಗೆಳೆಯನ ಮಾತು ಕೇಳಿ, ಶೇವಿಂಗ್‌ಗೆ ಮುಂಚೆ ಹಚ್ಚಿಕೊಳ್ಳುವ ಎಣ್ಣೆಯ ಪುಟ್ಟ ಶೀಶೆಯೊಂದನ್ನು ಕೊಂಡಿದ್ದ. ‘ಅಷ್ಟು ದುಡ್ಡು ಕೊಟ್ಟು ತಂದ ಎಣ್ಣೆ ಡಾಕ್ಟ್ರೇ, ಒಂಚೂರೂ ಗುಣ ಕಾಣಲಿಲ್ಲ’ ಎಂದರು ತಾಯಿ.

ಎಣ್ಣೆಯ ತಪ್ಪಲ್ಲ. ಹಾಗೆಂದು ಅದು ಔಷಧಿಯೂ ಅಲ್ಲ.

ಗಡ್ಡದ ಕೂದಲನ್ನು ಮೆದುಗೊಳಿಸುವುದು ನೀರು. ಕೂದಲು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನಿಂದಾದದ್ದು. ಒಣಗಿದ್ದಾಗ ತಂತಿಯಂತೆ ಸೆಟೆದಿರುತ್ತದೆ; ಎರಡು ಮೂರು ನಿಮಿಷ ಬೆಚ್ಚನೆಯ ನೀರಿನಲ್ಲಿ ನೆನೆದರೆ ನೀರು ಹೀರಿ ಉಬ್ಬಿ, ಅದನ್ನು ಕತ್ತರಿಸಲು ಬೇಕಾಗುವ ಬಲ ಬಹಳಷ್ಟು ಕಡಿಮೆಯಾಗುತ್ತದೆ. ಎಣ್ಣೆಯ ಕೆಲಸ ಬೇರೆ. ಚರ್ಮಕ್ಕೂ ಬ್ಲೇಡಿಗೂ ನಡುವೆ ತೆಳುವಾದ ಜಾರುವ ಪದರವಾಗಿ ನಿಂತು ಅದು ಉಜ್ಜುವಿಕೆಯನ್ನು ತಗ್ಗಿಸುತ್ತದೆ, ನೆನೆದ ಕೂದಲು ಬೇಗ ಒಣಗದಂತೆ ನೋಡಿಕೊಳ್ಳುತ್ತದೆ. ಆದ್ದರಿಂದ ಮೊದಲು ನೀರು, ಆಮೇಲೆ ಎಣ್ಣೆ. ಒಣಗಿದ ಗಡ್ಡಕ್ಕೆ ನೇರವಾಗಿ ಎಣ್ಣೆ ಬಳಿದರೆ ನೀರು ಒಳಹೋಗುವ ದಾರಿಗೇ ಅಡ್ಡಿಯಾಗುತ್ತದೆ. ನಮ್ಮ ಹುಡುಗ ಮಾಡುತ್ತಿದ್ದುದು ಇದನ್ನೇ. ಬೆಳಗಿನ ಐದಕ್ಕೆ ಎದ್ದು, ಒಣ ಮುಖಕ್ಕೆ ಎಣ್ಣೆ ಸವರಿ, ತಣ್ಣೀರಿನಲ್ಲಿ ಎರಡೇ ನಿಮಿಷಕ್ಕೆ ಕೆಲಸ ಮುಗಿಸುತ್ತಿದ್ದ.

ನಮ್ಮೂರಿನಲ್ಲಿ ಅಜ್ಜನಿಗೆ ಕ್ಷೌರ ಮಾಡಲು ಜಗಲಿಗೇ ಬರುತ್ತಿದ್ದವರ ಪೆಟ್ಟಿಗೆಯಲ್ಲಿ ಎಣ್ಣೆಯೂ ಇರಲಿಲ್ಲ, ಕ್ರೀಮೂ ಇರಲಿಲ್ಲ. ಒಂದು ಬಟ್ಟಲು ನೀರು, ಅಷ್ಟೆ. ಆದರೆ ಅವರು ಊರ ಸುದ್ದಿಯನ್ನೆಲ್ಲ ಹೇಳಿ ಮುಗಿಸುವವರೆಗೂ ಒದ್ದೆ ಬೆರಳಿನಿಂದ ಅಜ್ಜನ ಗದ್ದವನ್ನು ತಿಕ್ಕುತ್ತಲೇ ಇರುತ್ತಿದ್ದರು. ಹರಟೆ ಎಂದು ನಾವು ನಗುತ್ತಿದ್ದೆವು. ಗಡ್ಡ ನೆನೆಯಲು ಬೇಕಾದ ಸಮಯ ಅದು ಎಂದು ನನಗೆ ಹೊಳೆದದ್ದು ವೈದ್ಯನಾದ ಮೇಲೆ.

ಹಾಗಾಗಿ ಎಣ್ಣೆ ಬಳಸುವವರು ಸ್ನಾನ ಮಾಡಿದ ಕೂಡಲೇ ಶೇವಿಂಗ್‌ಗೆ ಕೂರುವುದು ಒಳ್ಳೆಯದು. ಆಗದಿದ್ದರೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಮುಖದ ಮೇಲೆ ಎರಡು ನಿಮಿಷ ಇಟ್ಟುಕೊಳ್ಳಿ. ಅಂಗೈಗೆ ನಾಲ್ಕೈದು ಹನಿ ಎಣ್ಣೆ ಸಾಕು. ಒದ್ದೆ ಗಡ್ಡಕ್ಕೆ ಬೆರಳತುದಿಯಿಂದ ತಿಕ್ಕಿ, ಒಂದು ನಿಮಿಷ ಬಿಟ್ಟು, ಅದರ ಮೇಲೆಯೇ ಸೋಪಿನ ನೊರೆ ಹಚ್ಚಿ. ತಲೆಗೆ ಎರೆದುಕೊಂಡಂತೆ ಧಾರಾಳವಾಗಿ ಸುರಿದರೆ ನೊರೆ ಒಡೆದುಹೋಗುತ್ತದೆ, ಎರಡು ಮೂರು ಅಲಗಿನ ರೇಜರಿನ ಸಂದಿಯಲ್ಲಿ ಕೂದಲು ಮೆತ್ತಿಕೊಳ್ಳುತ್ತದೆ. ಗಡ್ಡ ವಿರಳವಾಗಿದ್ದು ಚರ್ಮ ಎಂದೂ ಉರಿಯದವರಿಗೆ ಇದರ ಅಗತ್ಯವೇ ಇಲ್ಲ. ವಿದ್ಯುತ್ ರೇಜರಿನವರಿಗಂತೂ ಇದು ಸಲ್ಲದು, ಅದಕ್ಕೆ ಕೂದಲು ಒಣಗಿ ನೆಟ್ಟಗೆ ನಿಂತಿರಬೇಕು.

ಯಾವ ಎಣ್ಣೆ? ಮನೆಯ ಕೊಬ್ಬರಿ ಎಣ್ಣೆ ಅನೇಕರಿಗೆ ಸಾಕು. ಅದು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುವುದರಿಂದ ಮಡಿಕೇರಿಯ ಕಡೆಯವರು ಚಳಿಗಾಲದಲ್ಲಿ ಅಂಗೈಯಲ್ಲಿ ಉಜ್ಜಿ ಕರಗಿಸಿಕೊಳ್ಳಬೇಕಾದೀತು. ಹರಳೆಣ್ಣೆ ಬಲು ಅಂಟು. ಬಾದಾಮಿ ಎಣ್ಣೆಗೋ ಎಳ್ಳೆಣ್ಣೆಗೋ ಸ್ವಲ್ಪ ಬೆರೆಸಿದರೆ ಚೆನ್ನಾಗಿ ಜಾರುತ್ತದೆ. ಸಾಸಿವೆ ಎಣ್ಣೆ ಬೇಡ, ಗಾಯವಾದ ಚರ್ಮಕ್ಕೆ ಉರಿ. ಮೊಡವೆಯಿರುವ ಹುಡುಗರಿಗೆ ಕೊಬ್ಬರಿ ಎಣ್ಣೆಯಿಂದ ರಂಧ್ರ ಕಟ್ಟಿ ಮೊಡವೆ ಹೆಚ್ಚಬಹುದು. ಅಂಗಡಿಯ ಶೀಶೆಗಳಲ್ಲಿ ಘಮಘಮಿಸಲೆಂದು ಹಾಕುವ ಸುಗಂಧ ತೈಲಗಳು ಕೆಲವರಿಗೆ ಅಲರ್ಜಿ ತರುತ್ತವೆ. ಹೊಸ ಎಣ್ಣೆಯನ್ನು ಮೊದಲು ಮೊಣಕೈ ಒಳಭಾಗಕ್ಕೆ ಎರಡು ದಿನ ಹಚ್ಚಿ ನೋಡಿ, ತುರಿಕೆಯಿಲ್ಲದಿದ್ದರೆ ಮುಖಕ್ಕೆ ಹಚ್ಚಿ.

ಇನ್ನು ಆ ಗುಳ್ಳೆಗಳ ವಿಷಯ. ಹುಡುಗನದು ಗುಂಗುರು ಕೂದಲು. ಹಲವು ಅಲಗಿನ ರೇಜರಿನಲ್ಲಿ ಮೊದಲ ಅಲಗು ಕೂದಲನ್ನು ಎಳೆಯುತ್ತದೆ, ಹಿಂದಿನದು ಕತ್ತರಿಸುತ್ತದೆ. ತುಂಡಾದ ಬುಡ ಚರ್ಮದೊಳಕ್ಕೆ ಜಾರಿಕೊಳ್ಳುತ್ತದೆ. ನೇರ ಕೂದಲಾದರೆ ಮತ್ತೆ ಹೊರಗೆ ಬಂದೀತು. ಗುಂಗುರು ಕೂದಲು ಬಾಗಿ, ಚೂಪಾದ ತುದಿಯಿಂದ ಪಕ್ಕದ ಚರ್ಮವನ್ನೇ ಚುಚ್ಚುತ್ತದೆ. ದೇಹ ಅದನ್ನು ಮುಳ್ಳೆಂದು ತಿಳಿದು ಕೆರಳುತ್ತದೆ. ಇವನು ಗದ್ದದ ಕೆಳಗೆ ಕೂದಲ ದಿಕ್ಕಿಗೆ ಎದುರಾಗಿ, ಕೆಳಗಿನಿಂದ ಮೇಲಕ್ಕೆ, ಚರ್ಮವನ್ನು ಬಿಗಿಯಾಗಿ ಎಳೆದು ಹೆರೆಯುತ್ತಿದ್ದ. ಸಾಲದ್ದಕ್ಕೆ ತಿಂಗಳು ಹಳೆಯ ಬ್ಲೇಡು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಬಾಗಿದ ಕೂದಲು ಬ್ಲೇಡಿನ ಅಂಚಿನಿಂದ ಸಣ್ಣ ಚಕ್ಕೆಗಳನ್ನು ಎಬ್ಬಿಸುತ್ತದೆಂದು ಅಮೆರಿಕದ ಎಂಐಟಿಯ ವಿಜ್ಞಾನಿಗಳು 2020ರಲ್ಲಿ ಸೂಕ್ಷ್ಮದರ್ಶಕದಡಿ ತೋರಿಸಿದರು. ಬ್ಲೇಡು ಕೂದಲನ್ನು ಎಳೆಯುತ್ತಿದೆ ಎನಿಸಿದ ದಿನವೇ ಬದಲಾಯಿಸಿ.

‘ಈ ರೇಜರನ್ನು ಬೇರೆ ಯಾರಾದರೂ ಬಳಸುತ್ತಾರೆಯೆ?’ ಎಂದು ಕೇಳಿದೆ. ಹುಡುಗ ತಾಯಿಯ ಮುಖ ನೋಡಿದ. ಪಕ್ಕದ ಮಂಚದ ಗೆಳೆಯ ಅವಸರವಿದ್ದಾಗ ತೆಗೆದುಕೊಳ್ಳುತ್ತಾನಂತೆ. ರಜೆಗೆ ಬಂದಾಗ ಮನೆಯಲ್ಲಿ ಅಪ್ಪನೂ.

ನನಗೆ ಗುಳ್ಳೆಗಿಂತ ಭಯ ಹುಟ್ಟಿಸಿದ್ದು ಈ ಮಾತು. ಗಡ್ಡ ತೆಗೆಯುವಾಗ ಕಣ್ಣಿಗೆ ಕಾಣದ ಗೀರುಗಳು ಆಗಿಯೇ ಆಗುತ್ತವೆ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ, ಒಣಗಿದ ರಕ್ತದಲ್ಲಿಯೂ, ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ಅದು ಯಕೃತ್ತಿಗೆ ಹತ್ತುವ ರೋಗ, ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ. ಕ್ಷೌರದಂಗಡಿಯಲ್ಲಿ ನಮ್ಮೆದುರೇ ಹೊಸ ಬ್ಲೇಡು ಮುರಿದು ಹಾಕಿಸಿಕೊಳ್ಳುವ ನಾವು, ಕೊನೆಗೆ ಎಲ್ಲರ ಮುಖಕ್ಕೂ ಉಜ್ಜುವ ಪಟಿಕದ ಹರಳಿಗೆ ಮಾತ್ರ ಸುಮ್ಮನೆ ಗದ್ದ ಒಡ್ಡುತ್ತೇವೆ. ಅದನ್ನೂ ಬೇಡವೆನ್ನಿ. ಮನೆಯವರೇ ಅಲ್ಲವೇ ಎಂಬ ಸಲಿಗೆ ರೇಜರಿನ ವಿಷಯದಲ್ಲಿ ಬೇಡ.

ಹುಡುಗನ ರಕ್ತ ಪರೀಕ್ಷೆ ಮಾಡಿಸಿದೆವು. ಸೋಂಕಿರಲಿಲ್ಲ, ಲಸಿಕೆ ಶುರು ಮಾಡಿದೆ. ನಾಲ್ಕು ವಾರ ಬ್ಲೇಡು ಮುಟ್ಟಕೂಡದು, ಒಂದು ಮಿಲಿಮೀಟರ್ ಕೂದಲು ಉಳಿಯುವಂತೆ ಟ್ರಿಮ್ಮರ್ ಆಡಿಸಿದರೆ ಸಾಕೆಂದು ಅವನ ಅಧಿಕಾರಿಗಳಿಗೆ ಪತ್ರ ಬರೆದುಕೊಟ್ಟೆ. ಪತ್ರವನ್ನು ಅವರು ಒಪ್ಪಿದರು. ಕೀವಿಗೆ ಹಚ್ಚಲು ಮುಲಾಮು ಕೊಟ್ಟೆ, ಗುಳ್ಳೆಗಳನ್ನು ಹಿಸುಕಬೇಡವೆಂದೆ. ಆರು ವಾರದ ನಂತರ ಬಂದಾಗ ಕುತ್ತಿಗೆ ತಿಳಿಯಾಗಿತ್ತು. ಈಗ ಒಂದೇ ಅಲಗಿನ ರೇಜರು, ನೆನೆಸಿದ ಗಡ್ಡ, ಕೂದಲ ದಿಕ್ಕಿಗೇ ಒಂದು ಸುತ್ತು. ಎಣ್ಣೆ ಹಚ್ಚುವುದೂ ಉಂಟು, ಮನೆಯ ಕೊಬ್ಬರಿ ಎಣ್ಣೆ.

‘ಉಳಿದ ಆ ಶೀಶೆಯನ್ನು ಇವರಪ್ಪನಿಗೆ ಕೊಡಲೇ?’ ಎಂದು ಕೇಳಿದರು ತಾಯಿ. ಅವರಿಗೆ ಸಕ್ಕರೆ ಕಾಯಿಲೆ ಇದೆಯೇ ಎಂದು ವಿಚಾರಿಸಿದೆ. ಹನ್ನೆರಡು ವರ್ಷದಿಂದ ಇದೆಯಂತೆ. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಬ್ಲೇಡಿನ ಸಣ್ಣ ಗೀರೂ ಬೇಗ ಕೀವಾಗಿ ಕುರುವಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ರಕ್ತ ನಿಲ್ಲುವುದು ತಡ. ಅಂಥವರಿಗೆ ಎಣ್ಣೆ ಒಳ್ಳೆಯದೇ, ಗೀರು ಕಡಿಮೆಯಾಗುತ್ತದೆ. ‘ಕೊಡಿ ತಾಯಿ. ಜೊತೆಗೆ ಅವರಿಗೇ ಅಂತ ಒಂದು ರೇಜರನ್ನೂ ಕೊಡಿಸಿ. ನಾಳೆ ಖಾಲಿ ಹೊಟ್ಟೆಯಲ್ಲಿ ಬಂದು ಸಕ್ಕರೆ ನೋಡಿಸಿಕೊಳ್ಳಲಿ’ ಎಂದೆ.