ಕಣ್ಣಿನ ಬಣ್ಣ: ಒಂದು ತರಗತಿಯ ಆಟ

ಪಕ್ಷಪಾತದ ಇತಿಹಾಸವನ್ನು ಬೋಧಿಸುವುದಕ್ಕಿಂತ ಅದು ಮನಸ್ಸಿನಲ್ಲಿ ಬೇರೂರುವ ಬಗೆಯನ್ನು ತೋರಿಸುವುದು ಕಷ್ಟ. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯ ಮರುದಿನ, 1968ರ ಏಪ್ರಿಲ್ 5ರಂದು, ಅಮೆರಿಕದ ಅಯೋವಾ ಸಂಸ್ಥಾನದ ರೈಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಜೇನ್ ಎಲಿಯಟ್ ಎಂಬ ಉಪಾಧ್ಯಾಯಿನಿ ಇದಕ್ಕೊಂದು ಉಪಾಯ ಹೂಡಿದರು. ಬಿಳಿಯರೇ ಆಗಿದ್ದ ಮೂರನೆಯ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣಕ್ಕನುಸಾರವಾಗಿ ಎರಡು ಪಂಗಡ ಮಾಡಿ, ಒಂದಕ್ಕೆ ಹೊಗಳಿಕೆ, ಹೆಚ್ಚಿನ ಬಿಡುವು. ಇನ್ನೊಂದಕ್ಕೆ ನಿಂದೆ, ನಿರ್ಬಂಧ. ಮುಂದಿನ ಸರದಿಯಲ್ಲಿ ಸ್ಥಾನಗಳು ಅದಲುಬದಲಾದವು.

1970ರಲ್ಲಿ ಚಿತ್ರೀಕರಿಸಿದ ಇದೇ ಪ್ರಯೋಗದಲ್ಲಿ ಕೀಳೆನಿಸಿಕೊಂಡವರ ಕೊರಳಿಗೆ ಬಟ್ಟೆಯ ಪಟ್ಟಿಯಿದ್ದಿತು. ಪಟ್ಟಿ ತೊಟ್ಟ ದಿನ ಕಂದುಗಣ್ಣಿನ ಮಕ್ಕಳಿಗೆ ಓದಿನ ಕಾರ್ಡುಗಳನ್ನು ಮುಗಿಸಲು 5½ ನಿಮಿಷ ಹಿಡಿಯಿತು. ಕಳಚಿದ ದಿನ 2½ ನಿಮಿಷ. ಒಂದು ತರಗತಿಯಿಂದ ಸಿದ್ಧಾಂತ ಕಟ್ಟಲಾಗದು, ಆದರೆ ಈ ಅಂತರವನ್ನು ತಳ್ಳಿಹಾಕುವಂತೆಯೂ ಇಲ್ಲ.

ಎಳೆಯರಿಗೆ ಸುಳ್ಳು ಹೇಳಿ ನೋಯಿಸುವುದು ಸರಿಯೇ ಎಂಬ ಆಕ್ಷೇಪ ಅಂದಿನಿಂದಲೂ ಇದೆ. ಅದು ನ್ಯಾಯವಾದುದೆಂದೇ ನನ್ನ ಎಣಿಕೆ. ನಮ್ಮ ಕಾಲೇಜುಗಳಲ್ಲಿ ಇಂಥ ಆಟವನ್ನಾಡಿಸುವವರು ಮೊದಲೇ ವಿದ್ಯಾರ್ಥಿಗಳ ಒಪ್ಪಿಗೆ ಪಡೆದು, ಚೀಟಿ ಎತ್ತಿ ಪಂಗಡ ಮಾಡಲಿ. ಜಾತಿಯನ್ನು ಸೂಚಿಸುವ ಗುರುತು ಮಾತ್ರ ಕೂಡದು; ಊರಿನಲ್ಲಿ ದಿನವೂ ಅದನ್ನು ಹೊತ್ತವನಿಗೆ ಅದು ಸಂಜೆ ಕಳಚಿಡುವ ಪಟ್ಟಿಯಲ್ಲ. ಆಟದ ನಂತರದ ಚರ್ಚೆಗೂ ಆಟದಷ್ಟೇ ಹೊತ್ತನ್ನು ಮೀಸಲಿಡತಕ್ಕದ್ದು.