ಗೀಟು ನನ್ನದು, ದಾರಿ ಯಾರದು?

ಬೆಳಿಗ್ಗೆ ಐದೂಮುಕ್ಕಾಲು. ಬಸ್ತಿಹಳ್ಳಿಯ ಬಸದಿಗಳ ಕಾಂಪೌಂಡ್ ದಾಟಿ ಇನ್ನೂರು ಮೀಟರ್ ಓಡಿರಬೇಕು, ಎರಡು ನಾಯಿಗಳು ಹಿಂದೆ ಬಿದ್ದವು. ಹೇಗೆ ಮನೆ ಸೇರಿದೆನೋ ಗೊತ್ತಿಲ್ಲ. ಜಗಲಿ ಮೇಲೆ ಕುಸಿದು ಕೂತು ಕೈ ನೋಡಿಕೊಂಡರೆ ಸ್ಮಾರ್ಟ್‌ವಾಚ್ ಖುಷಿಯಲ್ಲಿತ್ತು. ಎದೆಬಡಿತ 183, ಇದುವರೆಗಿನ ಅತಿ ವೇಗದ 400 ಮೀಟರ್, ಅಭಿನಂದನೆಗಳು! ಹಾಲು ಕರೆದು ಬರುತ್ತಿದ್ದ ಅಜ್ಜಿಗೆ ಓದಿ ಹೇಳಿದೆ. 'ನಾಯಿಗೂ ಒಂದು ಕಟ್ಟು ಮಗಾ, ಅದೂ ಗೆದ್ದೈತೆ' ಅಂದರು.

ವಾಚ್‌ಗೆ ಎಲ್ಲ ಗೊತ್ತು, ಕಾರಣ ಮಾತ್ರ ಗೊತ್ತಿಲ್ಲ. ಅವತ್ತು ನಕ್ಕು ಮರೆತ ಈ ಮಾತು ಕೆಲವೇ ತಿಂಗಳಲ್ಲಿ ನಮ್ಮ ನಾಲ್ಕು ಮನೆಗಳ ದಾರಿಯನ್ನೇ ಮುಚ್ಚಿಸುತ್ತದೆ ಎಂದು ನಾನೆಲ್ಲಿ ಎಣಿಸಿದ್ದೆ?

ನಾನು ಓದುತ್ತಿರುವುದು ಬಿಇ, ಎಲೆಕ್ಟ್ರಾನಿಕ್ಸ್. ದಿನವಿಡೀ ಕ್ಲಾಸು, ಬಸ್ಸು, ಮೊಬೈಲು. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಪ್ಯಾಂಟು ಬಿಗಿಯಾಗತೊಡಗಿತ್ತು. ಸೀನಿಯರ್ ಒಬ್ಬರು ಹೊಸದು ಕೊಂಡಾಗ ಅವರ ಹಳೆಯ ವಾಚನ್ನು ಅರ್ಧ ಬೆಲೆಗೆ ತಗೊಂಡೆ. ಅದರಲ್ಲಿ ವರ್ಕ್‌ಔಟ್ ಆ್ಯಪ್ ಇತ್ತು. ಓಡಿದ ದಾರಿಯನ್ನು ಗೀಟಿನಂತೆ ಬರೆದಿಡುತ್ತದೆ, ಇನ್ನೊಂದು ದಿನ ಅದೇ ಗೀಟು ಹಿಡಿದು ಕರೆದೊಯ್ಯುತ್ತದೆ, ತಿರುವಿನಲ್ಲಿ ಮಣಿಕಟ್ಟು ನಡುಗಿಸಿ 'ಎಡಕ್ಕೆ' ಎನ್ನುತ್ತದೆ. ಮೊಬೈಲ್ ಜೇಬಿನಲ್ಲಿ ಬೇಕಾಗಿಯೇ ಇಲ್ಲ.

ಎಲೆಕ್ಟ್ರಾನಿಕ್ಸ್ ಹುಡುಗನಿಗೆ ಇದು ಹೇಗೆ ಎಂದು ಕೆದಕದೆ ನಿದ್ದೆ ಬರುವುದಿಲ್ಲ. ಸುಮಾರು 20,000 ಕಿ.ಮೀ. ಎತ್ತರದಲ್ಲಿರುವ ಜಿಪಿಎಸ್ ಉಪಗ್ರಹಗಳು 'ಈಗ ಗಂಟೆ ಎಷ್ಟು, ನಾನೆಲ್ಲಿದ್ದೇನೆ' ಎಂದು ಸಾರುತ್ತಲೇ ಇರುತ್ತವೆ. ಆ ಸಂಕೇತ ಎಷ್ಟು ತಡವಾಗಿ ಬಂತು ಎಂಬುದರಿಂದ ವಾಚು ದೂರ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ನೀವು ನಿಂತ ಜಾಗ ಸಿಗುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕ ಈ ಸಂಕೇತವನ್ನು ಜನಸಾಮಾನ್ಯರಿಗೆ ಬೇಕೆಂದೇ ಮಸುಕಾಗಿಸಿ ಕೊಡುತ್ತಿತ್ತು. ಆ ಮಸುಕು ತೆಗೆದಿರದಿದ್ದರೆ ನನ್ನ ಗೀಟು ಬಸದಿಯ ಬದಲು ಕೆರೆಯೊಳಗೆ ಓಡುತ್ತಿತ್ತೇನೋ.

ಭಾರತಕ್ಕೂ ನಾವಿಕ್ ಎಂಬ ಸ್ವಂತ ವ್ಯವಸ್ಥೆಯಿದೆ. ಅದರ ಉಪಗ್ರಹಗಳ ನಿಗಾ ನಡೆಯುವುದು ನಮ್ಮ ಜಿಲ್ಲೆಯಲ್ಲೇ, 1982ರಿಂದ ಇರುವ ಹಾಸನದ ಇಸ್ರೊ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹಕ್ಕೆ ಎಲ್1 ಎಂಬ ತರಂಗಾಂತರವನ್ನು ಸೇರಿಸಿದ್ದರು. ವಾಚ್‌ನಂಥ ಪುಟ್ಟ ಸಾಧನಗಳಿಗೂ ನಾವಿಕ್ ಸಿಗಲಿ ಎಂಬುದೂ ಅದರ ಉದ್ದೇಶ. ನನ್ನ ಹಳೆಯ ವಾಚಿಗೆ ಆ ಭಾಗ್ಯವಿಲ್ಲ, ಅದಿನ್ನೂ ಜಿಪಿಎಸ್ಸನ್ನೇ ನಂಬಿದೆ.

ಇಷ್ಟೆಲ್ಲ ಇದ್ದರೂ ವಾಚು ತಪ್ಪುತ್ತದೆ. ದಟ್ಟ ತೋಟದಲ್ಲಿ ಸಂಕೇತ ಮಂಕಾಗಿ ಗೀಟು ಹಾವಿನಂತೆ ಹೊರಳುತ್ತದೆ. ಮರದ ಕೆಳಗೆ ಸುಮ್ಮನೆ ನಿಂತು ಮಾತಾಡಿದರೂ ಐವತ್ತು ಮೀಟರ್ ನಡೆದಿದ್ದೀಯ ಎನ್ನುತ್ತದೆ. ಎದೆಬಡಿತದ್ದೂ ಅದೇ ಕತೆ. ವಾಚಿನ ಬೆನ್ನಿನ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿ ರಕ್ತ ಏರಿಳಿದಂತೆ ಮರಳಿ ಬರುವ ಬೆಳಕೂ ಏರಿಳಿಯುತ್ತದೆ. ಅದನ್ನೇ ಎಣಿಸುವುದು. ಪಟ್ಟಿ ಸಡಿಲವಿದ್ದರೆ, ಚಳಿಗೆ ಕೈ ತಣ್ಣಗಾಗಿದ್ದರೆ ಲೆಕ್ಕ ಕೆಡುತ್ತದೆ. ಒಮ್ಮೊಮ್ಮೆ ಹೆಜ್ಜೆಯ ತಾಳವನ್ನೇ ಎದೆಯ ತಾಳ ಅಂದುಕೊಂಡುಬಿಡುತ್ತದೆ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಎದೆಬಡಿತ ಎನ್ನುವ ಸೂತ್ರವೂ ಸರಾಸರಿಯಷ್ಟೇ. ನಾವೆಲ್ಲ ದೇವರ ವಾಕ್ಯವೆಂದು ನಂಬಿರುವ ದಿನಕ್ಕೆ ಹತ್ತು ಸಾವಿರ ಹೆಜ್ಜೆಯಂತೂ 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರು!

ಇಷ್ಟು ತಿಳಿದುಕೊಂಡಿದ್ದೆನಲ್ಲ, ವಾಚಿನ ತಪ್ಪುಗಳೆಲ್ಲ ನನಗೆ ಗೊತ್ತು ಎಂಬ ಜಂಬ ಬಂದಿತ್ತು.

ನಮ್ಮದು ಊರಾಚೆಯ ತೋಟದ ಮನೆ. ಅಲ್ಲಿ ನಾಲ್ಕು ಮನೆಗಳಿವೆ. ಊರಿಗೆ ಬರಬೇಕೆಂದರೆ ಬಂಡಿದಾರಿ ಹಿಡಿದು ಟಾರು ರಸ್ತೆಗೆ ಹೋಗಿ ಸುತ್ತಿ ಬರಬೇಕು. ಇಲ್ಲವೇ ಗೌಡಜ್ಜನ ಹೊಲದ ಬದುವಿನ ಮೇಲೆ ನೇರ ನಡೆದುಬಿಡಬೇಕು. ನಮ್ಮಪ್ಪ ಶಾಲೆಗೆ ಹೋಗಿದ್ದು ಆ ಬದುವಿನ ಮೇಲೆ, ನಾನು ಹೋಗಿದ್ದೂ ಅದೇ ಬದುವಿನ ಮೇಲೆ. ಅಜ್ಜಿ ದಿನಾ ಎರಡು ಹೊತ್ತು ಡೇರಿಗೆ ಹಾಲು ಒಯ್ಯುವುದೂ ಅಲ್ಲೇ. ಯಾರೂ ಯಾರನ್ನೂ ಕೇಳಿದ್ದಿಲ್ಲ. ಗೌಡಜ್ಜ ಎದುರು ಸಿಕ್ಕರೆ 'ಮಳೆ ಆಯ್ತಾ' ಎಂದು ಮಾತಾಡಿಸುವುದು, ಬೆಳೆ ತುಳಿಯದಂತೆ ನಡೆಯುವುದು, ದನ ಹೊಡೆದುಕೊಂಡು ಅಲ್ಲಿ ಹೋಗದಿರುವುದು. ಇಷ್ಟೇ ಕರಾರು.

ನನ್ನ ವಾಚಿನ ನಕ್ಷೆಯಲ್ಲಿ ಆ ಜಾಗ ಖಾಲಿಯಿತ್ತು. ಓಪನ್‌ಸ್ಟ್ರೀಟ್‌ಮ್ಯಾಪ್ ಎನ್ನುವ, ಯಾರು ಬೇಕಾದರೂ ತಿದ್ದಬಹುದಾದ ಜಗತ್ತಿನ ನಕ್ಷೆಯೊಂದಿದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಅನೇಕ ವರ್ಕ್‌ಔಟ್ ಆ್ಯಪ್‌ಗಳ ಬೆನ್ನಿಗಿರುವುದು ಇದೇ. ವಿಶ್ವ ಪರಂಪರೆಯ ಪಟ್ಟಿ ಸೇರಿದ ಹೊಯ್ಸಳೇಶ್ವರನ ಪಕ್ಕದ ನಮ್ಮೂರು ಬಿಳೀ ಹಾಳೆಯಂತೆ ಇರಬಾರದು ಎಂದು ನನಗೆ ರೋಷ ಉಕ್ಕಿತು. ಜನವರಿ ರಜೆಯಲ್ಲಿ ಬಸದಿಯಿಂದ ಹೊರಟು, ಬದು ಹತ್ತಿ, ನಮ್ಮ ಮನೆ ಮುಂದೆ ಹಾದು, ಬಂಡಿದಾರಿ ಹಿಡಿದು ಪುಷ್ಪಗಿರಿ ಕಡೆಗೆ ಓಡಿದೆ. ಗೀಟನ್ನು ಕಾಲುದಾರಿ ಎಂದು ನಕ್ಷೆಗೆ ಸೇರಿಸಿದೆ. ವರ್ಕ್‌ಔಟ್ ಆ್ಯಪಿನಲ್ಲೂ ಎಲ್ಲರಿಗೂ ಕಾಣುವಂತೆ ಹಂಚಿದೆ. 'ಬಸದಿಯಿಂದ ಬೆಟ್ಟಕ್ಕೆ, ಸುಂದರ ಹಳ್ಳಿ ದಾರಿ' ಎಂದು ಹೆಸರೂ ಕೊಟ್ಟೆ. ಗೆಳೆಯರು ಲೈಕ್ ಒತ್ತಿದರು. ಬೀಗಿದೆ.

ಆಗಸ್ಟಿನ ಒಂದು ಭಾನುವಾರ ಆರು ಸೈಕಲ್ಲುಗಳು ಬಂದವು. ಯಾರೋ, ಎಲ್ಲಿಯವರೋ. ಹೆಲ್ಮೆಟ್ಟು, ಕನ್ನಡಕ, ಕೈಯಲ್ಲಿ ನನ್ನದಕ್ಕಿಂತ ಒಳ್ಳೆಯ ವಾಚು. ಕೆಟ್ಟವರೇನಲ್ಲ. ಗೀಟು ತೋರಿಸಿದ ಕಡೆ ಬಂದರು. ಮಳೆಗೆ ಬದು ಜಾರುತ್ತಿತ್ತು, ಪಕ್ಕದ ಶುಂಠಿ ಮಡಿಗಳಿಗೆ ಇಳಿದರು. ಹೋಗುವಾಗ ತಡಿಕೆ ಸರಿಸಿದವರು ಮುಚ್ಚಲಿಲ್ಲ. ಅದರಲ್ಲಿ ಯಾರದೋ ದನ ನುಗ್ಗಿ ಅರ್ಧ ಗಂಟೆ ಜೋಳ ಮೇಯ್ದವು.

ಸಂಜೆ ಗೌಡಜ್ಜ ನಮ್ಮ ಜಗಲಿಗೆ ಬಂದರು. ಬೈಯಲಿಲ್ಲ. ಸೈಕಲ್ಲಿನವರು 'ಮ್ಯಾಪಲ್ಲಿ ದಾರಿ ಇದೆಯಲ್ಲ' ಎಂದು ತೋರಿಸಿದ್ದರಂತೆ. ನನ್ನ ಕೈ ನೋಡಿ ಒಂದೇ ಮಾತು ಕೇಳಿದರು. 'ನಮ್ಮ ಬದೂನ ನಿನ್ನ ಗಡಿಯಾರಕ್ಕೆ ಯಾರಪ್ಪಾ ಬರ್ಕೊಟ್ಟೋರು?'

ಮಾರನೇ ದಿನ ಬದುವಿನ ಎರಡೂ ತುದಿಗೆ ಜಾಲಿ ಮುಳ್ಳು ಬಿದ್ದಿತ್ತು.

ಅಜ್ಜಿ ನನಗೇನೂ ಹೇಳಲಿಲ್ಲ. ಕ್ಯಾನು ಎತ್ತಿಕೊಂಡು ಬಂಡಿದಾರಿಯಲ್ಲಿ ಸುತ್ತಿ ಹೋದರು. ಮೂರನೇ ದಿನ ನನಗೇ ತಡೆಯಲಾಗದೆ ಅವರ ಕೈಗೆ ವಾಚು ಕಟ್ಟಿದೆ, ಬಳೆಗಳನ್ನು ಮೇಲಕ್ಕೆ ಸರಿಸಿ. ಬೇಸಿಗೆಯಲ್ಲಿ ತಮಾಷೆಗೆಂದು ಒಮ್ಮೆ ಕಟ್ಟಿದಾಗ ಡೇರಿ 610 ಮೀಟರ್ ಇತ್ತು. ಈಗ 1.4 ಕಿ.ಮೀ. ಎದೆಬಡಿತ 129ಕ್ಕೆ ಏರಿತ್ತು. ಅಜ್ಜಿಗೆ ಅರವತ್ತೆಂಟು. ಸರಾಸರಿಯ ಆ ಸೂತ್ರ ಹಿಡಿದರೂ ಅವರ ಗರಿಷ್ಠ 152. ಡೇರಿ ಕಟ್ಟೆ ಮೇಲೆ ಅವರು ಮಂಡಿ ಒತ್ತಿಕೊಳ್ಳುತ್ತಾ ಕೂತಿದ್ದಾಗ ವಾಚು ನಡುಗಿತು. ಇವತ್ತಿನ ಗುರಿ ಮುಟ್ಟಿದಿರಿ, ಹೀಗೇ ಮುಂದುವರಿಯಿರಿ!

ನಾಯಿ ಅಟ್ಟಿಸಿಕೊಂಡು ಬಂದ ದಿನ ಅದೇ ವಾಚಿಗೆ ನಾನು ನಕ್ಕಿದ್ದೆ. ಈ ಸಲ ನಗು ಬರಲಿಲ್ಲ.

ತಪ್ಪು ಎಲ್ಲಾಗಿದೆ ಎಂದು ಹುಡುಕಲು ಕೂತೆ. ಕಂದಾಯ ಇಲಾಖೆಯ 'ದಿಶಾಂಕ್' ಆ್ಯಪ್ ನಿಮ್ಮಲ್ಲಿ ಹಲವರ ಮೊಬೈಲಿನಲ್ಲಿ ಇರಬಹುದು. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಗ್ರಾಮ ನಕ್ಷೆ ತೆಗೆದು ನನ್ನ ಗೀಟಿನ ಪಕ್ಕ ಇಟ್ಟುಕೊಂಡೆ. ಬಂಡಿದಾರಿ ಅದರಲ್ಲಿತ್ತು. ಹಳ್ಳಿಯಲ್ಲಿ 'ನಕಾಶೆ ಕಂಡ ದಾರಿ' ಎನ್ನುತ್ತಾರಲ್ಲ, ಅದು. ಬದು ಇರಲಿಲ್ಲ. ಅದು ಅಪ್ಪಟ ಹಿಡುವಳಿ ಜಮೀನು. ಎರಡು ತಲೆಮಾರು ನಾವು ನಡೆದದ್ದು ಗೌಡಜ್ಜನ ಸುಮ್ಮನಿರುವಿಕೆಯ ಮೇಲೆ. ಉಪಗ್ರಹಕ್ಕೆ ಎರಡೂ ಒಂದೇ ಗೀಟು. ನನಗೂ ಒಂದೇ ಅನ್ನಿಸಿದ್ದೇ ತಪ್ಪು.

ನಮ್ಮೂರ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪದೇವ, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ. ಆ ಕಾಲದ ದಾನಶಾಸನಗಳಲ್ಲಿ ಭೂಮಿ ಕೊಟ್ಟವರು, ಪಡೆದವರ ಜೊತೆಗೆ ಮೂಡಲು ಏನು, ತೆಂಕಲು ಏನು ಎಂದು ಎಲ್ಲೆಯನ್ನೂ ಕಲ್ಲಿನಲ್ಲಿ ಬರೆಸುತ್ತಿದ್ದರು. ಗೀಟಿನ ಜೊತೆ ಅದು ಯಾರದು ಎಂಬುದೂ ಇರುತ್ತಿತ್ತು. ಒಂಬತ್ತು ಶತಮಾನದ ನಂತರ ಅದೇ ಮಣ್ಣಿನ ಮೇಲೆ ಓಡಿ ಬಿಇ ಹುಡುಗ ಬರೆದ ಗೀಟಿನಲ್ಲಿ ಆ ಎರಡನೇ ಸಾಲೇ ಇರಲಿಲ್ಲ.

ಇಂಥ ಎಡವಟ್ಟು ದೊಡ್ಡ ಮಟ್ಟದಲ್ಲೂ ಆಗಿದೆ. ಸ್ಟ್ರಾವಾ ಎಂಬ ಆ್ಯಪ್ ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಸೇರಿಸಿ 2017ರ ನವೆಂಬರಿನಲ್ಲಿ ಜಗತ್ತಿನ ಹೊಳೆಯುವ ನಕ್ಷೆಯೊಂದನ್ನು ಬಿಟ್ಟಿತು. ಮರುಭೂಮಿಯ ಕತ್ತಲೆಯಲ್ಲಿ ಕೆಲವು ಪುಟ್ಟ ಚೌಕಗಳು ಬೆಳಗುತ್ತಿದ್ದವು. ಅವು ಸೇನಾ ನೆಲೆಗಳು, ಬೆಳಗಿದ್ದು ಸೈನಿಕರು ದಿನಾ ಓಡುವ ದಾರಿ. 2018ರ ಜನವರಿಯಲ್ಲಿ ಅದನ್ನು ಗುರುತಿಸಿ ಜಗತ್ತಿಗೆ ಹೇಳಿದವನು ನೇಥನ್ ರೂಸರ್ ಎಂಬ ಆಸ್ಟ್ರೇಲಿಯಾದ ವಿದ್ಯಾರ್ಥಿ. ಅವನಿಗೂ ಆಗ ಇಪ್ಪತ್ತು ವರ್ಷ, ನನ್ನಷ್ಟೇ. ಓಡಿದವರು ಯಾರೂ ಗುಟ್ಟು ಬಿಟ್ಟುಕೊಡಬೇಕೆಂದು ಓಡಿರಲಿಲ್ಲ. ಹಂಚುವ ಗುಂಡಿ ತೆರೆದಿತ್ತು, ಅಷ್ಟೇ.

ತಿದ್ದುವುದು ಹೇಗೆ? ಮೊದಲು ವರ್ಕ್‌ಔಟ್ ಆ್ಯಪಿನಿಂದ ಆ ದಾರಿ ಅಳಿಸಿದೆ. ಮನೆಯ ಸುತ್ತಮುತ್ತಲ ಗೀಟು ಬೇರೆಯವರಿಗೆ ಕಾಣದಂತೆ ಮರೆಮಾಡಿದೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ನೆಲದ ಮೇಲೆ ಇರುವುದನ್ನು ಅಳಿಸುವುದಕ್ಕಿಂತ ಅದು ಏನೆಂದು ಸರಿಯಾಗಿ ಬರೆಯುವುದು ವಾಡಿಕೆ. ಅಲ್ಲಿ ಪ್ರತಿ ದಾರಿಗೂ 'ಆಕ್ಸೆಸ್' ಎಂಬ ಕಲಮು ಇದೆ. ನಾನು ಅದನ್ನು ಖಾಲಿ ಬಿಟ್ಟಿದ್ದೆ. ಹಕ್ಕಿನಿಂದ ನಡೆಯಬಹುದಾದರೆ 'ಯೆಸ್', ಮಾಲೀಕರ ಅಪ್ಪಣೆ ಪಡೆದವರಿಗೆ ಮಾತ್ರವಾದರೆ 'ಪ್ರೈವೇಟ್'. ಇವೆರಡರ ನಡುವೆ 'ಪರ್ಮಿಸಿವ್' ಎಂಬ ಪದವೂ ಇದೆ. ಮಾಲೀಕರು ಒಪ್ಪಿ ಬಿಟ್ಟಿದ್ದಾರೆ, ಬೇಡವೆನಿಸಿದ ದಿನ ಮುಚ್ಚಬಹುದು ಎಂದು ಅರ್ಥ. ಓದಿ ಸುಮ್ಮನೆ ಕೂತುಬಿಟ್ಟೆ. ನಮ್ಮ ನಾಲ್ಕು ಮನೆಗಳ ಬದುಕು ನಿಂತಿದ್ದೇ ಆ ಪದದ ಮೇಲೆ.

ಯಾವ ಪದ ಹಾಕಲಿ ಎಂದು ಈ ಸಲ ಕೇಳಲು ಹೋದೆ. ಮೊಬೈಲ್ ಚಾಚಿ ಬದು ತೋರಿಸಿದೆ. ಗೌಡಜ್ಜ ತುಂಬ ಹೊತ್ತು ನೋಡಿ, 'ಬಾವೀನೂ ಕಾಣ್ತದಲ್ಲೋ' ಎಂದರು. ಆಮೇಲೆ 'ನಮ್ಮೋರು ಓಡಾಡ್ಲಿ ಅಂತ ಬಿಟ್ಟಿದ್ದು. ಊರಿಗೆಲ್ಲ ಡಂಗುರ ಹೊಡೆಯೋಕಲ್ಲ' ಎಂದರು. 'ಪ್ರೈವೇಟ್' ಎಂದು ಹಾಕಿ ತೋರಿಸಿದೆ. ಬೆಟ್ಟದ ದಾರಿಯನ್ನು ಬಂಡಿದಾರಿಯ ಮೇಲೆ ಹೊಸದಾಗಿ ಬರೆದೆ. ಮುಳ್ಳು ತೆಗೆಯುತ್ತೀರಾ ಎಂದು ಕೇಳುವ ಬಾಯಿ ನನಗಿರಲಿಲ್ಲ. ಅವರೂ ಆ ಮಾತು ಎತ್ತಲಿಲ್ಲ.

ಅಂದಿನಿಂದ ಕಾಲೇಜಿಗೆ ಹೋಗುವ ದಿನಗಳಲ್ಲಿ ಬೆಳಗಿನ ಹಾಲು ನನ್ನದು. ಕ್ಯಾನು ಸೈಕಲ್ಲಿಗೆ ಕಟ್ಟಿಕೊಂಡು ಸುತ್ತುದಾರಿಯಲ್ಲಿ ಡೇರಿಗೆ ಹೋಗಿ, ಅಲ್ಲಿಂದ ಬಸ್‌ಸ್ಟ್ಯಾಂಡ್. ಅದನ್ನು ವರ್ಕ್‌ಔಟ್ ಎಂದು ದಾಖಲಿಸುವುದಿಲ್ಲ.

ನೀವೂ ಓಡುವವರಾದರೆ ಓಡಿ, ವಾಚು ಕಟ್ಟಿ ಓಡಿ, ಹೊಸ ದಾರಿ ಹುಡುಕಿ. ನೆಟ್‌ವರ್ಕ್ ಇಲ್ಲದ ಕಡೆಗೆಂದು ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಯಾವ ಕಡೆ ಹೊರಟಿರಿ ಎಂದು ಮನೆಯಲ್ಲಿ ಹೇಳಿ. ಹಂಚುವ ಮೊದಲು ಮಾತ್ರ ಆ ಗೀಟು ಯಾರ ಹೊಲದ ಮೇಲಿದೆ ನೋಡಿ. ಗೊತ್ತಾಗದಿದ್ದರೆ ಅಲ್ಲೇ ಕೆಲಸ ಮಾಡುತ್ತಿರುವವರನ್ನು ಕೇಳಿ. ಎರಡು ನಿಮಿಷ ನಿಂತರೆ ನಿಮ್ಮ ಸರಾಸರಿ ವೇಗ ಕುಸಿಯುತ್ತದೆ, ಕುಸಿಯಲಿ.

ಜನವರಿಯಲ್ಲಿ ಶುಂಠಿ ಕಿತ್ತಾದ ಮೇಲೆ ಒಂದು ಸಂಜೆ ಅಜ್ಜಿ ಬೇಗ ಮನೆಗೆ ಬಂದರು. ಕ್ಯಾನು ಕೆಳಗಿಟ್ಟು, 'ಮುಳ್ಳು ಸರಿಸವ್ರೆ. ಒಂದಾಳು ನುಸುಳುವಷ್ಟು' ಎಂದರು. ಹೋಗಿ ನೋಡಿದೆ. ಒಂದಾಳು ನುಸುಳುವಷ್ಟೇ. ಸೈಕಲ್ ಹಿಡಿಸದು.

ನಾನು ಈಗಲೂ ಬೆಳಿಗ್ಗೆ ಬಂಡಿದಾರಿಯಲ್ಲೇ ಓಡುತ್ತೇನೆ. ಅಪರೂಪಕ್ಕೆ ಅಜ್ಜಿಯ ಜೊತೆ ಬದುವಿನ ಮೇಲೆ ಹೋಗಬೇಕಾದಾಗ ಆ ಸಂದಿಯ ಹತ್ತಿರ ನಿಂತು, ವಾಚಿನ ಗುಂಡಿ ಒತ್ತಿ ದಾಖಲೆ ನಿಲ್ಲಿಸಿ, ಆಮೇಲೆ ನುಸುಳುತ್ತೇನೆ.