ಗೆದ್ದವರ ದಾರಿಖರ್ಚು

‘ಹಣ ನಂದು, ಗೆದ್ದಾಕಿ ನಾನು, ಮತ್ತ ಅದನ್ನ ತರೋ ದಾರಿಖರ್ಚೂ ನಾನ ಕೊಡಬೇಕೇನೋ ತಮ್ಮಾ?’

ನನ್ನ ಸೋದರತ್ತೆ ಹೀಗೆ ಕೇಳಿದ್ದು 1974ರ ಮಳೆಗಾಲದಲ್ಲಿ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದುತ್ತಿದ್ದ ನನ್ನನ್ನು ಆಕೆ ಅರ್ಧ ವಕೀಲನೆಂದೇ ಭಾವಿಸಿದ್ದಳು. ಕೈಗಡ ಕೊಟ್ಟ ಹಣಕ್ಕೆ ಆಕೆಯ ಪರವಾಗಿ ಹುಕುಮನಾಮೆಯೇನೋ ಆಗಿತ್ತು. ಆದರೆ ಹುಕುಮನಾಮೆಗೆ ಕಾಲಿಲ್ಲ. ಅದನ್ನು ನಡೆಯಿಸಲು ದರಖಾಸ್ತು ಕೊಡಬೇಕು. ಜಪ್ತಿ ವಾರಂಟಿಗೆ ಪ್ರೊಸೆಸ್ ಫೀ ತುಂಬಬೇಕು. ಅನಂತರವೇ ಬೇಲೀಫನು ಹೆಜ್ಜೆ ಕಿತ್ತಿಡುವನು.

ಈ ಫೀ ಬೇಲೀಫನ ಜೇಬಿಗೆ ಹೋಗುವುದೆಂದು ನಮ್ಮ ಜನ ತಿಳಿಯುವುದುಂಟು. ಹಾಗಲ್ಲ. 1870ರ ಕೋರ್ಟ್ ಫೀ ಕಾಯಿದೆಯ 20ನೆಯ ಕಲಮು ಅದರ ದರ ಗೊತ್ತುಪಡಿಸುವ ಅಧಿಕಾರವನ್ನು ಹೈಕೋರ್ಟುಗಳಿಗೆ ಕೊಟ್ಟಿತು. ಏಕೀಕರಣದ ಬಳಿಕ ನಮ್ಮ ರಾಜ್ಯಕ್ಕೆ 1958ರ ಕಾಯಿದೆ ಬಂದಿತು. ಹಣ ಸರಕಾರದ ಬೊಕ್ಕಸಕ್ಕೆ. ಬೇಲೀಫನು ಬರಿಯ ಸಂಬಳದ ನೌಕರ. ಇಂಗ್ಲೆಂಡಿನಲ್ಲಿ ಹೈಕೋರ್ಟಿನ ಜಪ್ತಿ ಅಧಿಕಾರಿಗಳಿಗೆ ಶುಲ್ಕವೇ ಗಳಿಕೆ. 2014ರ ನಿಯಮಗಳು ಅದನ್ನು ಹಂತಹಂತವಾಗಿ ಗೊತ್ತುಪಡಿಸಿ ಸಾಲಗಾರನ ತಲೆಗೆ ಕಟ್ಟಿವೆ. ನಮ್ಮಲ್ಲಿಯೂ ಖರ್ಚು ಕೊನೆಗೆ ಸಾಲಗಾರನ ಲೆಕ್ಕಕ್ಕೇ ಸೇರುವುದು—ಆ ಕೊನೆಯೊಂದು ಬಂದರೆ!

ಅತ್ತೆಯನ್ನು ಹಣ್ಣು ಮಾಡಿದ್ದು ರಸೀದಿಯುಳ್ಳ ಫೀ ಅಲ್ಲ. ಬಸ್ಸಿನ ದುಡ್ಡು, ಚಕ್ಕಡಿಯ ಬಾಡಿಗೆ, ಊಟ, ಎಲೆ ಅಡಿಕೆ, ಮೇಲೆ ‘ನಿಮ್ಮ ಮನಸ್ಸಿಗೆ ಬಂದಷ್ಟು’. ಈ ಮನಸ್ಸಿಗೆ ಬಂದಷ್ಟಕ್ಕೂ ಒಂದು ದರವಿತ್ತು. ಅದು ಯಾವ ಕಾಯಿದೆಯಲ್ಲಿಯೂ ಅಚ್ಚಾಗಿರಲಿಲ್ಲ.

ಎರೆಯ ಕೆಸರಿನಲ್ಲಿ ಚಕ್ಕಡಿ ಹೂತು, ನಾವು ಹಳ್ಳಿ ಮುಟ್ಟಿದಾಗ ಸೂರ್ಯ ಮುಳುಗಿದ್ದನು. ಸಾಲಗಾರನ ಪಡಸಾಲೆಯಲ್ಲಿ ರೇಡಿಯೋ ಹಾಡುತ್ತಿತ್ತು. ಗೋಡೆಗೆ ಹೊಸ ಸೈಕಲ್ಲು. ಬೇಲೀಫನು ಹೊಸ್ತಿಲ ಈಚೆಗೇ ನಿಂತನು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ವಾಸದ ಮನೆಯನ್ನು ಹೊಗಕೂಡದೆಂದು 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 62ನೆಯ ಕಲಮು. ಆ ರಾತ್ರಿ ಹನುಮಪ್ಪನ ಗುಡಿಯಲ್ಲಿ ಮಲಗಿದೆವು. ಆತ ಒದ್ದೆಯಾದ ಚಪ್ಪಲಿಗಳನ್ನು ತಲೆದಿಂಬಿನ ಬದಿಗಿಟ್ಟುಕೊಂಡು, ಮಗಳ ಮದುವೆಯ ಸಾಲದ ಮಾತು ತೆಗೆದನು. ಅತ್ತೆ ನಮ್ಮ ಬುತ್ತಿಯ ರೊಟ್ಟಿಯನ್ನು ಮೊದಲು ಅವನಿಗೇ ಕೊಟ್ಟಳು. ಆತನ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ. ಸಿಟ್ಟನ್ನು ಎಲ್ಲಿ ಇಡಬೇಕೆಂಬುದೂ ತಿಳಿಯಲಿಲ್ಲ.

ಬೆಳಗಾಗುವಷ್ಟರಲ್ಲಿ ರೇಡಿಯೋ, ಸೈಕಲ್ಲುಗಳೆರಡೂ ಮಾಯ. ಉಳಿದದ್ದು ಅಡಿಗೆಯ ಪಾತ್ರೆ, ಹಾಸಿಗೆ, ನೇಗಿಲು, ಬಿತ್ತುವ ಬೀಜ, ಒಂದು ಜೋಡಿ ಎತ್ತು. ಇವನ್ನು 60ನೆಯ ಕಲಮು ಕಾಪಾಡುತ್ತದೆ, ಕಾಪಾಡಬೇಕಾದದ್ದೇ. ಎತ್ತಿನ ಬೆನ್ನು ಸವರಿ ಅತ್ತೆಯೇ ಅಂದಳು: ‘ಇವನ್ನ ಬಿಚ್ಚಿದ್ರ ಬಿತ್ತೂದು ಹ್ಯಾಂಗ? ಬ್ಯಾಡ.’

ಜಪ್ತಿಗೆ ತಕ್ಕ ವಸ್ತು ಸಿಗಲಿಲ್ಲವೆಂಬ ಷರಾದೊಡನೆ ವಾರಂಟು ಮರಳಿತು. ತುಂಬಿದ ಫೀ ಮರಳಲಿಲ್ಲ.

ಹಿಂದುಸ್ಥಾನದ ಕಕ್ಷಿಗಾರನ ಕಷ್ಟ ಹುಕುಮನಾಮೆ ದೊರೆತ ಮೇಲೆಯೇ ಆರಂಭವಾಗುವುದೆಂದು 1872ರಲ್ಲಿಯೇ ಪ್ರಿವಿ ಕೌನ್ಸಿಲ್ಲು ದರಭಂಗಾದ ಮೊಕದ್ದಮೆಯೊಂದರಲ್ಲಿ ಹೇಳಿತ್ತು. 2021ರಲ್ಲಿ ಸುಪ್ರೀಂ ಕೋರ್ಟು, ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ, ದರಖಾಸ್ತು ಆರು ತಿಂಗಳಲ್ಲಿ ಮುಗಿಯಬೇಕು, ತಡವಾದರೆ ಕಾರಣ ಬರೆಯಬೇಕು ಎಂದು ವಿಧಿಸಿತು. ನಡುವೆ ಒಂದೂವರೆ ಶತಮಾನ.

ಹೊಸ ದರಖಾಸ್ತಿಗೆ ಮತ್ತೆ ಫೀ ಎಂದಾಗ ಅತ್ತೆ ಸೆರಗಿನ ಗಂಟನ್ನು ಬಿಚ್ಚಲಿಲ್ಲ. ವಕೀಲರು ಸಮಾಧಾನ ಹೇಳಿದರು: ‘ಗಾಬರಿ ಬ್ಯಾಡ್ರೀ ಅವ್ವಾರ, ಇನ್ನೂ ಹನ್ನೆರಡು ವರ್ಷ ಅವಧಿ ಐತಿ.’

ಅತ್ತೆಗೆ ಆಗ ಅರುವತ್ತೆಂಟು.